64 ಕೆಬಿ ಕಾಲದವರು ಕಲಿಸಿದ ಹೋಲಿಕೆ

ಹೋದ ತಿಂಗಳು ಪುಣೆಯ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಫಜೀತಿ ಆಯ್ತು. ಊರಿನ ಹಳೇ ವಿಡಿಯೋಗಳನ್ನೆಲ್ಲ ಸೇರಿಸಿ ಇಟ್ಟ 90 ಜಿಬಿಯ ಒಂದೇ ಫೈಲು ನನ್ನ ಹತ್ರ ಇದೆ. ಅಜ್ಜಿಯ ದನಿ ಉಳಿದಿರೋದು ಅದರಲ್ಲಿ ಮಾತ್ರ. ಅದನ್ನ ಹೊಸ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿದೆ. ಹಳೇದನ್ನ ಅಳಿಸೋ ಮೊದಲು ಎರಡೂ ಒಂದೇನಾ ಅಂತ ನೋಡ್ಬೇಕಲ್ಲ? ಹೋಲಿಸಿ ತೋರಿಸೋ ಒಂದು ಟೂಲ್‌ಗೆ ಕೊಟ್ಟೆ. ಅದು ಎರಡನ್ನೂ ಮೆಮೊರಿಗೆ ತುಂಬೋಕೆ ಹೋಯ್ತು. ನನ್ನ 8 ಜಿಬಿ ಲ್ಯಾಪ್‌ಟಾಪ್ ಅಲ್ಲೇ ನಿಂತುಬಿಡ್ತು.

ಈ ತಲೆನೋವು ಹೊಸದಲ್ಲ. 1970ರ ದಶಕದ ಆರಂಭಕ್ಕೆ, ಅಮೆರಿಕದ ಬೆಲ್ ಲ್ಯಾಬ್ಸ್‌ಗೆ ಹೋಗೋಣ. ಯುನಿಕ್ಸ್ ಬೆಳೆದ ಪಿಡಿಪಿ-11 ಯಂತ್ರದಲ್ಲಿ 16 ಬಿಟ್ ವಿಳಾಸಕ್ಕೆ ಎಟುಕುತ್ತಿದ್ದದ್ದು ಬರೀ 64 ಕೆಬಿ. ಅವರಿಗೆ ಸಾಧಾರಣ ಫೈಲೂ 'ಭಾರಿ ಫೈಲೇ'. 1971ರಲ್ಲೇ 'ಸಿಎಂಪಿ' ಎಂಬ ಪ್ರೋಗ್ರಾಂ ಇತ್ತು. ಎರಡೂ ಫೈಲುಗಳನ್ನು ಓದುತ್ತಾ ಹೋಲಿಸುತ್ತಿತ್ತು. ಆದರೆ ನಡುವೆ ಒಂದು ಸಾಲು ಸೇರಿಸಿದರೆ ಸಾಕು, ಅಲ್ಲಿಂದ ಮುಂದೆ ಎಲ್ಲವೂ ಬೇರೆಯಾಗಿಯೇ ಕಾಣುತ್ತಿತ್ತು.

ಇದಕ್ಕೆ ಡಗ್ ಮ್ಯಾಕಿಲ್‌ರಾಯ್ ಕೊಟ್ಟ ಉತ್ತರವೇ 'ಡಿಫ್'. 1974ರ ಯುನಿಕ್ಸ್ 5ನೇ ಆವೃತ್ತಿಯ ಜೊತೆ ಅದು ಹೊರಬಂತು. ಜೇಮ್ಸ್ ಹಂಟ್ ಜೊತೆ ಸೇರಿ 1976ರಲ್ಲಿ ಅವರು ಅದರ ಅಲ್ಗಾರಿದಂ ಬರೆದಿಟ್ಟರು. ಉಪಾಯ ಸರಳ: ಇಡೀ ಸಾಲನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳಬೇಡ, ಅದರಿಂದ ಒಂದು ಪುಟ್ಟ ಸಂಖ್ಯೆ, ಅಂದರೆ ಹ್ಯಾಶ್, ಮಾಡಿ ಅದನ್ನು ಮಾತ್ರ ಇಟ್ಟುಕೋ. ಆಮೇಲೆ ಸಂಖ್ಯೆಗಳನ್ನು ಹೋಲಿಸು.

ಆದರೆ ಎರಡು ಬೇರೆ ಸಾಲುಗಳಿಗೆ ಒಂದೇ ಸಂಖ್ಯೆ ಬಂದರೆ? ಅಂಥ ಸುಳ್ಳು ಹೊಂದಿಕೆಗೆ ಅವರು ಇಟ್ಟ ಹೆಸರು 'ಜಾಕ್‌ಪಾಟ್'. ಅದಕ್ಕೇ ಕೊನೆಯಲ್ಲಿ ಮೂಲ ಫೈಲುಗಳನ್ನು ಮತ್ತೊಮ್ಮೆ ಓದಿ, ಹೊಂದಿದ ಸಾಲುಗಳು ನಿಜಕ್ಕೂ ಒಂದೇನಾ ಅಂತ ಪರೀಕ್ಷೆ ಮಾಡ್ತಿದ್ರು. ನನಗೆ ತುಂಬಾ ಹಿಡಿಸಿದ್ದು ಇದೇ.

1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ 'ಆರ್‌ಸಿಂಕ್' ತಂದಾಗಲೂ ಇದೇ ಶಿಸ್ತು. ನಿಧಾನದ ಲೈನಿನ ಆಚೆ ಈಚೆ ಎರಡು ಫೈಲು ಇದ್ದರೆ ತುಂಡು ತುಂಡಿಗೂ ಹಗುರಾದ ಒಂದು ಗುರುತು, ಗಟ್ಟಿಯಾದ ಇನ್ನೊಂದು ಗುರುತು. ಬೇರೆಯಾದ ಭಾಗ ಮಾತ್ರ ಸಾಗುತ್ತದೆ. ಕೊನೆಗೆ ಇಡೀ ಫೈಲಿನದ್ದೂ ಒಂದು ತಾಳೆ.

ನಾನೂ ಆ ದಾರಿಯನ್ನೇ ಹಿಡಿದೆ. ಎರಡೂ ಫೈಲಿಗೆ ಎಸ್‌ಎಚ್‌ಎ-256 ಓಡಿಸಿದೆ. ಅದು ಫೈಲನ್ನು ಸ್ವಲ್ಪ ಸ್ವಲ್ಪವೇ ಓದುತ್ತದೆ, ಮೆಮೊರಿ ತಿನ್ನೋದೇ ಇಲ್ಲ. ಸೈಜ್ ಒಂದೇ ಇದ್ದರೂ ಗುರುತು ಹೊಂದಲಿಲ್ಲ! ಅದೇ ಹಳೇ ಸಿಎಂಪಿ ಕೊಟ್ಟೆ. ಮೊದಲ ವ್ಯತ್ಯಾಸ ಎಲ್ಲಿದೆ ಅಂತ ತೋರಿಸಿ ನಿಂತಿತು. ಕೇಬಲ್ ಬದಲಿಸಿ ಮತ್ತೆ ಕಾಪಿ ಮಾಡಿದೆ. ಈ ಸಲ ಗುರುತೂ ಹೊಂದಿತು, ಸಿಎಂಪಿಯೂ ಕೊನೆಯವರೆಗೆ ಓದಿ ಸುಮ್ಮನಾಯ್ತು. ಅದು ಸುಮ್ಮನಿದ್ದರೆ ವ್ಯತ್ಯಾಸ ಇಲ್ಲ ಅಂತ ಅರ್ಥ.

ಸೈಜ್ ನೋಡಿ ಅಳಿಸಿಬಿಟ್ಟಿದ್ದರೆ? ನೀವೂ ಅಳಿಸೋ ಮುಂಚೆ ಒಮ್ಮೆ ತಾಳೆ ನೋಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.