ಹಾವೇರಿ ಸೀಮೆಯಲ್ಲಿ ಕಿಮೊಥೆರಪಿ: ಔಷಧ, ದಾರಿ, ಆರೈಕೆ

ಬೇಗಬೇಗ ಇಬ್ಭಾಗವಾಗಿ ಬೆಳೆಯುವ ಜೀವಕೋಶಗಳನ್ನು ಔಷಧದಿಂದ ಕೊಂದು ಕ್ಯಾನ್ಸರನ್ನು ಗುಣಪಡಿಸುವ ಇಲ್ಲವೆ ಹತೋಟಿಯಲ್ಲಿಡುವ ಚಿಕಿತ್ಸೆಯೇ ಕಿಮೊಥೆರಪಿ. ಕೂದಲಿನ ಬುಡ, ಬಾಯಿ ಮತ್ತು ಕರುಳಿನ ಒಳಪದರ, ಎಲುಬಿನೊಳಗಿನ ಮಜ್ಜೆ ಇವುಗಳ ಜೀವಕೋಶಗಳೂ ಹಾಗೆಯೇ ಬೆಳೆಯುವುದರಿಂದ ಔಷಧದ ಪೆಟ್ಟು ಅವುಗಳಿಗೂ ತಗಲುತ್ತದೆ. ಕೂದಲು ಉದುರುವುದು, ಬಾಯಿ ಹುಣ್ಣು, ವಾಂತಿ, ರಕ್ತಹೀನತೆ, ಸೋಂಕು ಬರುವುದು ಈ ಕಾರಣಕ್ಕೆ. ಹೀಗಾಗಿ ಈ ಚಿಕಿತ್ಸೆಯ ಚರಿತ್ರೆಯೆಂದರೆ ಔಷಧಗಳ ಚರಿತ್ರೆಯ ಜತೆಗೆ ಅವುಗಳನ್ನು ತಾಳಿಕೊಳ್ಳಲು ಜನ ಕಂಡುಕೊಂಡ ಉಪಾಯಗಳ ಚರಿತ್ರೆಯೂ ಹೌದು. ರಾಣೇಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಊರುಗಳಿಗೆ ಇದರೊಡನೆ ಇನ್ನೊಂದು ಸಂಗತಿ ಸೇರುತ್ತದೆ: ಆಸ್ಪತ್ರೆಯ ದೂರ.

ಮೊದಲ ಔಷಧ ಯುದ್ಧದ ವಿಷದಿಂದ ಬಂತು. ಮಸ್ಟರ್ಡ್ ಅನಿಲ ಸೋಕಿದವರಲ್ಲಿ ಬಿಳಿರಕ್ತಕಣಗಳು ಕುಸಿಯುತ್ತಿದ್ದವು. ಇದನ್ನು ಗಮನಿಸಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗುಡ್‌ಮನ್ ಮತ್ತು ಗಿಲ್ಮನ್ 1942ರಲ್ಲಿ ಅದೇ ಜಾತಿಯ ನೈಟ್ರೊಜನ್ ಮಸ್ಟರ್ಡನ್ನು ರೋಗಿಯೊಬ್ಬರ ಮೇಲೆ ಪರೀಕ್ಷಿಸಿದರು. ಎರಡನೆಯ ಹೆಜ್ಜೆಯಲ್ಲಿ ಭಾರತೀಯರೊಬ್ಬರ ಪಾಲಿತ್ತು. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳುತನದಲ್ಲಿ ಲೆಡರ್ಲೆ ಪ್ರಯೋಗಾಲಯವು ಫೋಲಿಕ್ ಆಮ್ಲಕ್ಕೆ ಎದುರಾಗಿ ಕೆಲಸ ಮಾಡುವ ಔಷಧಗಳನ್ನು ತಯಾರಿಸಿತು. ಅವುಗಳಲ್ಲೊಂದಾದ ಅಮಿನೊಪ್ಟೆರಿನ್ನನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟರು. ಕೆಲವರಲ್ಲಿ ರೋಗ ತಾತ್ಕಾಲಿಕವಾಗಿ ತಗ್ಗಿದ್ದು 1948ರಲ್ಲಿ ವರದಿಯಾಯಿತು. ಇಂದಿಗೂ ಬಳಕೆಯಲ್ಲಿರುವ ಮೆಥೊಟ್ರೆಕ್ಸೇಟ್ ಅದೇ ವಂಶದ್ದು.

ಕೆಲವು ಔಷಧಗಳ ಮೂಲ ಕನ್ನಡ ನಾಡಿಗೆ ಪರಿಚಿತವಾದ ಗಿಡಮರಗಳಲ್ಲಿದೆ. ಮನೆಯಂಗಳದ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಮತ್ತು ವಿನ್‌ಬ್ಲಾಸ್ಟಿನ್ ಸಿಕ್ಕಿದವು. ಚೀನಾದ ಮರವೊಂದರಿಂದ 1966ರಲ್ಲಿ ಬೇರ್ಪಡಿಸಿದ ಕ್ಯಾಂಪ್ಟೊಥೆಸಿನ್, ಪಶ್ಚಿಮಘಟ್ಟದಲ್ಲಿ ಬೆಳೆಯುವ ದುರ್ವಾಸನೆ ಮರದಲ್ಲೂ ಇದೆಯೆಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಇರಿನೊಟೆಕಾನ್, ಟೋಪೊಟೆಕಾನ್ ಎಂಬ ಔಷಧಗಳು ಇದೇ ರಸಾಯನದಿಂದ ಆದವು. ಬೇಡಿಕೆ ಹೆಚ್ಚಿದಂತೆ ಘಟ್ಟದಲ್ಲಿ ಈ ಮರ ಬಹಳವಾಗಿ ಕಡಿತಕ್ಕೆ ಗುರಿಯಾಯಿತು.

ಔಷಧ ಸಿದ್ಧವಾದರೂ ಅದನ್ನು ಕೊಡಬಲ್ಲ ಆಸ್ಪತ್ರೆ ಹತ್ತಿರದಲ್ಲಿರಲಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ತೆರೆಯಿತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಉತ್ತರ ಕರ್ನಾಟಕಕ್ಕೆ ದೊಡ್ಡ ಆಸರೆಯಾಗಿ ಬಂದದ್ದು ಡಾ. ಆರ್. ಬಿ. ಪಾಟೀಲರು ಹುಬ್ಬಳ್ಳಿಯ ನವನಗರದಲ್ಲಿ ಕಟ್ಟಿದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ. ಮೇಡ್ಲೇರಿಯವರು ರಾಣೇಬೆನ್ನೂರಿಗೆ ಬಂದು, ಹಾವೇರಿ ದಾಟಿ, ನೂರು ಕಿಲೊಮೀಟರಿಗೂ ಹೆಚ್ಚು ದೂರದ ಹುಬ್ಬಳ್ಳಿ ಮುಟ್ಟಬೇಕು. ಬೆಂಗಳೂರು ಇದರ ಸುಮಾರು ಮೂರು ಪಟ್ಟು ದೂರ.

ಈ ದಾರಿ ಒಂದು ಸಲಕ್ಕೆ ಮುಗಿಯುವುದಿಲ್ಲ. ಸಾಮಾನ್ಯವಾಗಿ ಎರಡು ಅಥವಾ ಮೂರು ವಾರಕ್ಕೊಮ್ಮೆ ಒಂದು ಸುತ್ತಿನಂತೆ ಹಲವು ತಿಂಗಳು ಚಿಕಿತ್ಸೆ ನಡೆಯುತ್ತದೆ. ಪ್ರತಿ ಸುತ್ತಿಗೆ ಮೊದಲು ರಕ್ತಪರೀಕ್ಷೆ ಆಗಬೇಕು. ಬಿಳಿರಕ್ತಕಣ ಕಡಿಮೆಯಿದ್ದರೆ ಅಂದು ಸಲಾಯಿನ್ ಹಚ್ಚದೆ ಹಿಂದಕ್ಕೆ ಕಳಿಸುತ್ತಾರೆ. ಜತೆಗೆ ಬಂದವರ ಆ ದಿನದ ಕೂಲಿಯೂ ಹೋಗುತ್ತದೆ. ಈ ಪಯಣದ ಖರ್ಚಿಗೆ ನೆರವಾಗಿ ರೈಲ್ವೆ ಇಲಾಖೆ ಕ್ಯಾನ್ಸರ್ ರೋಗಿಗೂ ಜತೆಗಾರರಿಗೂ ಟಿಕೆಟ್ ರಿಯಾಯಿತಿ ಕೊಡುತ್ತದೆ; ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದರೆ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ಮಾಫಿ. ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರು ಮುನ್ನಡೆಸಿದ ಇನ್ಫೋಸಿಸ್ ಪ್ರತಿಷ್ಠಾನ ದೂರದಿಂದ ಬಂದವರು ತಂಗಲು ಕಿದ್ವಾಯಿಯಲ್ಲಿ ಧರ್ಮಶಾಲೆ ಕಟ್ಟಿಸಿತು.

ಖರ್ಚಿನ ಹೊರೆ ಇಳಿದದ್ದು ತಡವಾಗಿ. ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲಿ ಜಾರಿಯಾದ ಯಶಸ್ವಿನಿ ಯೋಜನೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಾಗಿ ಇದ್ದದ್ದು. ತಿಂಗಳುಗಟ್ಟಲೆ ನಡೆಯುವ ಕಿಮೊಥೆರಪಿಗೆ ಅದು ಒದಗಲಿಲ್ಲ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಮೊದಲಾಗಿ ಬಳಿಕ ಹಾವೇರಿ ಸೇರಿದ ಬೆಳಗಾವಿ ವಿಭಾಗಕ್ಕೆ ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ, ಬಿಪಿಎಲ್ ಕುಟುಂಬಗಳ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚ ಹೊತ್ತಿತು. ಹಾವೇರಿ ಜಿಲ್ಲೆಗೆ ಇದು ನಿಜವಾದ ತಿರುವು. 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸರ್ಕಾರ ಹೊರುವ ವೆಚ್ಚದ ಮಿತಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗೆ ಏರಿತು.

ಹಳೆಯ ಕಾಲದಲ್ಲಿ ಜನ ಕಿಮೊಥೆರಪಿಗೆ ಹೆದರಿದ್ದು ಬಹುಪಾಲು ವಾಂತಿಗಾಗಿ. 1978ರಲ್ಲಿ ಅಮೆರಿಕದಲ್ಲಿ ಮಂಜೂರಾದ ಸಿಸ್‌ಪ್ಲಾಟಿನ್ ಪರಿಣಾಮಕಾರಿಯಾದರೂ ವಿಪರೀತ ವಾಂತಿ ತರುತ್ತಿತ್ತು. ಎಷ್ಟೋ ಜನ ಚಿಕಿತ್ಸೆಯನ್ನು ನಡುವೆಯೇ ಬಿಡುತ್ತಿದ್ದರು. 1990ರ ಸುಮಾರಿಗೆ ಬಂದ ಆಂಡಾನ್ಸೆಟ್ರಾನ್ ಅದನ್ನು ಬಹುಮಟ್ಟಿಗೆ ತಡೆಯಿತು. 1991ರಲ್ಲಿ ಬಂದ ಫಿಲ್‌ಗ್ರಾಸ್ಟಿಮ್ ಬಿಳಿರಕ್ತಕಣ ಹೆಚ್ಚಿಸುವ ಚುಚ್ಚುಮದ್ದು. ಇವೆರಡರಿಂದ ರೋಗಿ ವಾರ್ಡಿನಲ್ಲಿ ದಿನಗಟ್ಟಲೆ ಮಲಗದೆ, ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳುವುದು ಸಾಧ್ಯವಾಯಿತು. ಅಂದಿನಿಂದ ಆರೈಕೆಯ ಭಾರ ದಾದಿಯರಿಂದ ಮನೆಯವರ ಹೆಗಲಿಗೆ ಬಂತು.

ಆ ಆರೈಕೆಗೆ ಈ ಸೀಮೆಯ ಅಡುಗೆಮನೆ ಸ್ವಲ್ಪ ಬದಲಾಗಬೇಕಾಗುತ್ತದೆ. ಬಾಯಿ ಹುಣ್ಣಾದಾಗ ಖಡಕ್ ರೊಟ್ಟಿ ಮತ್ತು ಕೆಂಪು ಖಾರ ನುಂಗಲಾಗದು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆಯೆಂದರೂ ಹುಣ್ಣಿಗೆ ಅದೂ ಉರಿಯುತ್ತದೆ. ನುಚ್ಚು, ಗಂಜಿ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಮೆತ್ತಗೆ ಬೇಯಿಸಿದ ಬೇಳೆ, ಮೊಟ್ಟೆ ಹಿತ. ರೊಟ್ಟಿಯ ಜತೆ ತಿನ್ನುವ ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿಗಳನ್ನು ಚೆನ್ನಾಗಿ ತೊಳೆಯದೆ ಕೊಡಬಾರದು. ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸುವುದು, ಆಗಾಗ ಸ್ವಲ್ಪಸ್ವಲ್ಪ ಉಣ್ಣುವುದು, ಕುದಿಸಿ ಆರಿಸಿದ ನೀರು ಕುಡಿಯುವುದು ಇಂಥವೇ ದಿನನಿತ್ಯದ ರಕ್ಷಣೆ. ಕೂದಲು ಎರಡು-ಮೂರು ವಾರಕ್ಕೆ ಉದುರತೊಡಗಿ, ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮರಳಿ ಬೆಳೆಯುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಜ್ವರ. ಔಷಧ ಏರಿಸಿದ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿರಕ್ತಕಣ ಅತಿ ಕಡಿಮೆಯಾಗುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರವನ್ನು ಮನೆಯಲ್ಲಿ ಗುಳಿಗೆ ನುಂಗಿ ಇಳಿಸಲು ನೋಡದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಳ್ಳಿಯ ಮನೆಗೆ ಒಂದು ಥರ್ಮಾಮೀಟರು ಆಗ ಜೀವ ಉಳಿಸುವ ಸಾಧನವೇ ಸರಿ.

ಇತ್ತೀಚಿನ ಬದಲಾವಣೆಗಳು ದೂರವನ್ನೇ ಕಡಿಮೆ ಮಾಡುವಂಥವು. ತಂಬಾಕು ಜಗಿಯುವ ಈ ಸೀಮೆಯಲ್ಲಿ ಬಾಯಿ ಕ್ಯಾನ್ಸರ್ ದೊಡ್ಡ ಪಿಡುಗು. ಪೂರ್ಣ ಗುಣವಾಗದ ಹಂತ ಮುಟ್ಟಿದ ತಲೆ-ಕತ್ತಿನ ಕ್ಯಾನ್ಸರಿಗೆ ಮೆಥೊಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್ ಗುಳಿಗೆಗಳು ಮೂರು ವಾರಕ್ಕೊಮ್ಮೆ ಏರಿಸುವ ಸಿಸ್‌ಪ್ಲಾಟಿನ್‌ಗಿಂತ ಮೇಲೆಂದು ಟಾಟಾ ಆಸ್ಪತ್ರೆಯ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಗುಳಿಗೆಯನ್ನು ಮನೆಯಲ್ಲೇ ನುಂಗಬಹುದು, ಬೆಲೆಯೂ ಕಡಿಮೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೊಥೆರಪಿ ಕೇಂದ್ರಗಳನ್ನು ಆರಂಭಿಸಿತು. ಚಿಕಿತ್ಸೆಯ ಕ್ರಮವನ್ನು ದೊಡ್ಡ ಕ್ಯಾನ್ಸರ್ ಆಸ್ಪತ್ರೆ ನಿರ್ಧರಿಸುತ್ತದೆ, ಮುಂದಿನ ಸುತ್ತುಗಳನ್ನು ರೋಗಿಯ ಊರಿಗೆ ಹತ್ತಿರದಲ್ಲೇ ಕೊಡಲಾಗುತ್ತದೆ. ಪಯಣದ ಆಯಾಸ, ಕೂಲಿಯ ನಷ್ಟ, ಬಸ್ಸಿನ ಖರ್ಚು ತಗ್ಗಿದಷ್ಟೂ ಹಳ್ಳಿಯ ರೋಗಿಗಳು ಚಿಕಿತ್ಸೆಯನ್ನು ಕೊನೆಯ ಸುತ್ತಿನವರೆಗೆ ಪೂರೈಸುವುದು ಸುಲಭವಾಗುತ್ತದೆ.