ಇಟಾಲಿಕ್: ಓಡಿ ಬಂದ ಅಕ್ಷರ

ಕಂಪ್ಯೂಟರಿನಲ್ಲಿ ಬರೆಯುವವರಿಗೆಲ್ಲ ಬಿ, ಐ, ಯು ಗುಂಡಿಗಳು ಗೊತ್ತು. ಬಿ ಒತ್ತಿದರೆ ಅಕ್ಷರ ದಪ್ಪವಾಗುತ್ತದೆ, ಯು ಒತ್ತಿದರೆ ಅಡಿಗೆರೆ ಬೀಳುತ್ತದೆ. ಎರಡೂ ಹೆಸರು ತಾವು ಮಾಡುವ ಕೆಲಸವನ್ನೇ ಹೇಳುತ್ತವೆ. ನಡುವಿನ ಐ ತನ್ನ ಊರನ್ನು ಹೇಳುತ್ತದೆ. ಇಟಾಲಿಕ್ ಅಂದರೆ ಇಟಲಿಯದು, ಅಷ್ಟೇ. ಇಳಕಲ್ ಸೀರೆ ಅನ್ನುವ ಹಾಗೆ ಇದು ಹೊರಗಿನವರ ಬಾಯಲ್ಲಿ ಬೆಳೆದ ಹೆಸರು. ಫ್ರೆಂಚರೂ ಇಂಗ್ಲಿಷರೂ ಹಾಗೆ ಕರೆದರು. ಇಟಲಿಯವರಿಗೆ ಅದು ಇಂದಿಗೂ ‘ಕೊರ್ಸಿವೊ’, ಓಡುವ ಅಕ್ಷರ. ಜರ್ಮನ್ನರ ‘ಕುರ್ಸಿವ್’ ಕೂಡ ಓಟವನ್ನೇ ಹಿಡಿದುಕೊಂಡಿದೆ.

ಓಡಿದ್ದು ಕೈ. 15ನೇ ಶತಮಾನದ ಆರಂಭದಲ್ಲಿ ಫ್ಲಾರೆನ್ಸಿನ ನಿಕ್ಕೊಲೊ ನಿಕ್ಕೊಲಿ ಎಂಬ ಪುಸ್ತಕಪ್ರೇಮಿ ಹಳೆಯ ಲ್ಯಾಟಿನ್ ಗ್ರಂಥಗಳನ್ನು ತನಗಾಗಿ ಪ್ರತಿ ಮಾಡಿಕೊಳ್ಳುತ್ತಿದ್ದ. ಒಂದೊಂದು ಅಕ್ಷರವನ್ನೂ ನಿಲ್ಲಿಸಿ ತಿದ್ದುವ ವ್ಯವಧಾನವಿಲ್ಲದ ಬರವಣಿಗೆ ಅದು. ಲೇಖನಿ ಎತ್ತುವುದು ಕಡಿಮೆಯಾಯಿತು. ಅಕ್ಷರ ತೆಳ್ಳಗಾಗಿ ಬಲಕ್ಕೆ ವಾಲಿತು. ಆ ಬಗೆಯ ಕೈಬರಹ ವಿದ್ವಾಂಸರ ಮನೆಗಳಿಂದ ಪೋಪರ ಕಚೇರಿಯ ದಫ್ತರಕ್ಕೂ ಹೋಯಿತು.

ಲೋಹಕ್ಕೆ ಇಳಿದದ್ದು ವೆನಿಸ್ಸಿನಲ್ಲಿ. ಮುದ್ರಕ ಆಲ್ಡಸ್ ಮನುಷಿಯಸ್. ಅವನಿಗಾಗಿ ಅಚ್ಚುಮೊಳೆಯ ಮೂಲವನ್ನು ಉಕ್ಕಿನಲ್ಲಿ ಕೊರೆದವನು ಬೊಲೋನಿಯದ ಫ್ರಾನ್ಸೆಸ್ಕೊ ಗ್ರಿಫೊ. 1500ರಲ್ಲಿ ಸಿಯೆನಾದ ಸಂತ ಕ್ಯಾಥರಿನ್ ಪತ್ರಗಳ ಪುಸ್ತಕದಲ್ಲಿ, ಒಂದು ಮರದಚ್ಚಿನ ಚಿತ್ರದೊಳಗೆ, ಈ ಅಕ್ಷರದ ಕೆಲವೇ ಪದ ಕಾಣಿಸಿಕೊಂಡವು. ಮರುವರ್ಷ ವರ್ಜಿಲ್ ಕವಿಯ ಇಡೀ ಕೃತಿಯೇ ಅದರಲ್ಲಿ ಬಂತು. ದೊಡ್ಡಕ್ಷರಗಳು ಮಾತ್ರ ನೆಟ್ಟಗೆ ನಿಂತಿದ್ದವು. ಅವೂ ವಾಲಿದ್ದು ಆಮೇಲೆ. ಈಗ ನಾವು ಒಂದೆರಡು ಪದಕ್ಕೆ ಒತ್ತು ಕೊಡಲು ಬಳಸುವ ಅಕ್ಷರ ಆಗ ಪುಸ್ತಕದ ಮೊದಲ ಪುಟದಿಂದ ಕೊನೆಯವರೆಗೂ ಓದುವ ಅಕ್ಷರವಾಗಿತ್ತು.

ಕಾಗದ ಉಳಿಸಲೆಂದೇ ಇದನ್ನು ಹುಟ್ಟಿಸಿದರು ಎಂಬ ಮಾತು ವಿನ್ಯಾಸದ ಪುಸ್ತಕಗಳಲ್ಲಿ ಪದೇಪದೇ ಸಿಗುತ್ತದೆ. ನನಗದು ಸಾಲದು. ಆಲ್ಡಸ್‌ನ ಓದುಗರು ತಾವೇ ಇಂಥ ಕೈಯಲ್ಲಿ ಬರೆಯುತ್ತಿದ್ದವರು. ಟೀಕೆಟಿಪ್ಪಣಿಗಳ ಭಾರವಿಲ್ಲದ, ಅಂಗೈಯಲ್ಲಿ ಹಿಡಿಯಬಹುದಾದ ಪುಸ್ತಕ ತೆರೆದರೆ ಒಳಗೆ ತಮ್ಮದೇ ವಲಯದ ಬರಹ. ಆ ಸಲುಗೆಗೂ ಬೆಲೆಯಿತ್ತು.

ಬೆಲೆ ಇದ್ದಲ್ಲಿ ಕಳ್ಳತನವೂ ಇರುತ್ತದೆ. 1502ರಲ್ಲಿ ವೆನಿಸ್ಸಿನ ಸೆನೆಟ್ ಈ ಅಕ್ಷರದ ಹಕ್ಕನ್ನು ಆಲ್ಡಸ್‌ಗೆ ಬರೆದುಕೊಟ್ಟಿತು. ಫ್ರಾನ್ಸಿನ ಲಿಯೋನ್ ನಗರದ ಮುದ್ರಕರಿಗೆ ಅದು ಲೆಕ್ಕಕ್ಕಿಲ್ಲ, ನಕಲು ಹೊಡೆದೇ ಹೊಡೆದರು. ಸಿಟ್ಟಿಗೆದ್ದ ಆಲ್ಡಸ್ 1503ರಲ್ಲಿ ನಕಲಿಗಳಲ್ಲಿದ್ದ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ, ಓದುಗರೇ ಎಚ್ಚರ ಎಂದು ಅಚ್ಚು ಹಾಕಿಸಿದ. ಲಿಯೋನಿನವರು ಆ ಪಟ್ಟಿಯನ್ನೇ ಮುಂದಿಟ್ಟುಕೊಂಡು ತಮ್ಮ ತಪ್ಪು ತಿದ್ದಿಕೊಂಡರು! ಕರಡು ತಿದ್ದುವವನನ್ನು ಪುಕ್ಕಟೆ ಪಡೆದ ಹಾಗಾಯಿತು. ಇತ್ತ ಹಕ್ಕುಪತ್ರದಲ್ಲಿ ಪಾಲಿಲ್ಲದ ಗ್ರಿಫೊ ಆಲ್ಡಸ್‌ನನ್ನು ಬಿಟ್ಟು ಹೋದ. ಅಕ್ಷರಕ್ಕೆ ಮುದ್ರಕನ ಹೆಸರು ಸಿಕ್ಕಿತು, ದೇಶದ ಹೆಸರು ಸಿಕ್ಕಿತು. ಕೊರೆದವನ ಹೆಸರು ಹೆಚ್ಚಿನವರ ಬಾಯಿಗೆ ಬರಲಿಲ್ಲ.

ನೆಟ್ಟಗಿನ ರೋಮನ್ ಅಕ್ಷರದ ಜೊತೆ ಒಂದೇ ಸಾಲಿನಲ್ಲಿ ಕೂತಾಗ ಇಟಾಲಿಕ್‌ನ ಅರ್ಥ ಬದಲಾಯಿತು. 1560ರ ಜಿನೀವಾ ಬೈಬಲ್ಲಿನಲ್ಲಿ, ಮೂಲದಲ್ಲಿಲ್ಲದ, ಅನುವಾದಕರು ತಾವಾಗಿ ಸೇರಿಸಿದ ಪದಗಳನ್ನು ಇದರಲ್ಲಿ ಹಾಕಿದರು. ಅಂದರೆ ಓರೆಯಾಗಿದ್ದರೆ ಅದು ಬೇರೆ ದನಿ. ಪುಸ್ತಕದ ಹೆಸರು, ಪರಭಾಷೆಯ ಪದ, ಗಿಡದ ವೈಜ್ಞಾನಿಕ ನಾಮ, ಎಲ್ಲ ಈ ಲೆಕ್ಕದಲ್ಲೇ ಬಂದವು.

ಇನ್ನು ಇಟಲಿ ಎಂಬ ಹೆಸರು. ಒಂದು ಊಹೆಯ ಪ್ರಕಾರ ಅದು ‘ಕರುಗಳ ನಾಡು’. ಮೊದಲಿಗೆ ಪರ್ಯಾಯದ್ವೀಪದ ದಕ್ಷಿಣದ ತುದಿಗಷ್ಟೇ ಸಲ್ಲುತ್ತಿತ್ತು. ಕರುವಿಗೆ ಲ್ಯಾಟಿನ್ನಿನಲ್ಲಿ ‘ವಿತುಲುಸ್’; ಸಂಸ್ಕೃತದ ‘ವತ್ಸ’ ಅದರ ದಾಯಾದಿ, ಎರಡರ ಬೇರಿನಲ್ಲೂ ‘ವರ್ಷ’ ಎಂಬ ಅರ್ಥವಿದೆ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಈ ಊಹೆ ನಿಂತರೆ, ಯುಗಾದಿಯಂದು ನಾವು ಹೆಸರು ಹಿಡಿದು ಕರೆಯುವ ಸಂವತ್ಸರಕ್ಕೂ ಇಟಾಲಿಕ್‌ಗೂ ದೂರದ ನೆಂಟಸ್ತಿಕೆ.

ಕನ್ನಡದಲ್ಲಿ ಪದ ಬಂತು, ವಸ್ತು ಪೂರ್ತಿ ಬರಲಿಲ್ಲ. ಐ ಗುಂಡಿ ಒತ್ತಿದರೆ ಹೆಚ್ಚಿನ ಫಾಂಟ್‌ಗಳಲ್ಲಿ ಕನ್ನಡ ಅಕ್ಷರವನ್ನು ಯಂತ್ರ ಹಿಡಿದು ಬಾಗಿಸುತ್ತದೆ, ಅಷ್ಟೇ. ಮೇಲಿನ ಗುಣಿತ ಬಲಕ್ಕೆ ಜಾರಿದರೆ ಕೆಳಗಿನ ಒತ್ತಕ್ಷರ ಎಡಕ್ಕೆ ಸರಿದು ಹಿಂದಿನ ಅಕ್ಷರದ ಕಾಲಡಿ ನುಗ್ಗುತ್ತದೆ. ಅದಕ್ಕೇ ನಮ್ಮ ಸಂಪಾದಕರು ಉದ್ಧರಣ ಚಿಹ್ನೆಯನ್ನೋ ದಪ್ಪಕ್ಷರವನ್ನೋ ನಂಬುತ್ತಾರೆ. ಆದರೆ ಓಡುವ ಕೈ ನಮ್ಮಲ್ಲೂ ಇತ್ತು: ಶಾನುಭೋಗರ ಕಡತಗಳ ಮೋಡಿ ಬರಹ. ಅಚ್ಚುಮೊಳೆ ಎರಕ ಹೊಯ್ದವರು ದುಂಡಕ್ಷರವನ್ನು ಆರಿಸಿಕೊಂಡರು, ಮೋಡಿ ಕಡತದಲ್ಲೇ ಉಳಿಯಿತು. ಕನ್ನಡಕ್ಕೊಂದು ಇಟಾಲಿಕ್ ಬೇಕೆನ್ನುವ ವಿನ್ಯಾಸಕಾರರು ಬಾಗಿಸುವ ಕೋನವನ್ನು ಅಳೆಯುವ ಮೊದಲು ಆ ಕಡತಗಳಲ್ಲಿ ಒತ್ತಕ್ಷರ ಹೇಗೆ ಕೂತಿದೆ, ತಲೆಕಟ್ಟು ಎತ್ತ ಕಡೆಯಿಂದ ಎಳೆದದ್ದು ಎಂದು ಬಿಚ್ಚಿ ನೋಡಲಿ.