ಚದುರಿದ ಹಿಂಡು ಮರಳುವ ಹೊತ್ತು

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಕಾವಲುಗಳಲ್ಲಿ ಅಮೃತಮಹಲ್ ದನಗಳ ಹಿಂಡನ್ನು ಕಂಡವರಿಗೆ ಒಂದು ಸಂಗತಿ ಗೊತ್ತು. ಬೆದರಿದ ಹಿಂಡು ಕೂಡಲೇ ಶಾಂತವಾಗುವುದಿಲ್ಲ. ತನ್ನ ಸ್ಥಿತಿಗೆ ಮರಳಲು ಅದಕ್ಕೆ ತನ್ನದೇ ಆದ ಹೊತ್ತು ಬೇಕು. ಹರಳಿನೊಳಗಿನ ಎಲೆಕ್ಟ್ರಾನುಗಳ ಮಾತೂ ಹೀಗೆಯೇ. ಆ ಹೊತ್ತನ್ನು ಅಳೆಯಲು ಮನುಷ್ಯ ಕಲಿತ ಕಥೆಯಲ್ಲಿ ನಮ್ಮ ಬೆಂಗಳೂರಿನದೂ ಒಂದು ಪುಟವುಂಟು.

ಎಲೆಕ್ಟ್ರಾನು ಬುಗುರಿಯಂತೆ ಗಿರಕಿಯ ಗುಣವುಳ್ಳದ್ದು, ಪುಟ್ಟ ಅಯಸ್ಕಾಂತವೂ ಹೌದು. ಬಲವಾದ ಕಾಂತಕ್ಷೇತ್ರದಲ್ಲಿ ಅದಕ್ಕೆ ಇರುವ ನೆಲೆಗಳು ಎರಡೇ: ಒಂದು ಮೇಲಿನದು, ಒಂದು ಕೆಳಗಿನದು. ತಕ್ಕ ಸೂಕ್ಷ್ಮತರಂಗ ತಾಗಿದರೆ ಅದು ಮೇಲಕ್ಕೇರುತ್ತದೆ. ಬಳಿಕ ತನ್ನ ಶಕ್ತಿಯನ್ನು ಸುತ್ತಲಿನ ಹರಳಿಗೆ ಒಪ್ಪಿಸಿ ಕೆಳಗಿಳಿಯುತ್ತದೆ. ಹೀಗೆ ಇಳಿಯಲು ಹಿಡಿಯುವ ಅವಧಿಯೇ ವಿಶ್ರಾಂತಿ ಕಾಲ. ಗಿರಕಿಗಳು ತಮ್ಮತಮ್ಮಲ್ಲಿ ಹೆಜ್ಜೆ ತಪ್ಪಲು ಹಿಡಿಯುವ ಕಾಲ ಬೇರೆಯೇ ಉಂಟು.

ಹಾಲೆಂಡಿನ ಖೋರ್ಟರ್ ೧೯೩೬ರಿಂದಲೇ ಈ ವಿಶ್ರಾಂತಿಯನ್ನು ಅಭ್ಯಸಿಸುತ್ತಿದ್ದರೂ ಅನುರಣನದ ಸಂಕೇತ ಮಾತ್ರ ಅವರ ಕೈಗೆ ಸಿಗಲಿಲ್ಲ. ಮಹಾಯುದ್ಧದ ನಡುವೆ, ೧೯೪೪ರಲ್ಲಿ, ಕಜಾನಿನ ಜವೋಯ್ಸ್ಕಿ ಅದನ್ನು ಎಲೆಕ್ಟ್ರಾನುಗಳಲ್ಲಿ ಕಂಡರು. ಪರಮಾಣು ಬೀಜಗಳಲ್ಲಿ ಅದನ್ನೇ ಕಂಡ ಬ್ಲಾಕ್ ಮತ್ತು ಪರ್ಸೆಲ್‌ರಿಗೆ ೧೯೫೨ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಅದಕ್ಕೆ ಒಂದು ವರ್ಷ ಮೊದಲು, ೧೯೫೧ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಜಿ. ಸೂರ್ಯನ್ ಅವರು ಹರಿಯುವ ದ್ರವದ ಬೀಜ ಅನುರಣನವನ್ನು ಕುರಿತು ಲೇಖನ ಪ್ರಕಟಿಸಿದರು. ನಿಂತ ದ್ರವದಲ್ಲಿ ತರಂಗ ಬಲವಾದರೆ ಬೀಜಗಳಿಗೆ ಮರಳಲು ಬಿಡುವು ಸಾಲದೆ ಸಂಕೇತ ಕುಗ್ಗುತ್ತದೆ. ದ್ರವ ಹರಿದರೆ ದಣಿದವು ಮುಂದೆ ಸಾಗಿ, ಹೊಸವು ಬಂದು ಸಂಕೇತ ಮತ್ತೆ ಏರುತ್ತದೆ. ಇಂದು ಆಸ್ಪತ್ರೆಯ ಎಂ.ಆರ್.ಐ. ಯಂತ್ರ ರಕ್ತನಾಳಗಳ ಚಿತ್ರ ತೆಗೆಯುವ ಒಂದು ಬಗೆಗೆ ಇದೇ ತತ್ತ್ವ ಆಧಾರ. ಎಷ್ಟು ಮಂದಿ ನಮ್ಮವರಿಗೆ ಈ ಹೆಸರು ಗೊತ್ತು?

ಇತ್ತ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಗಾರ್ಡಿ ಮತ್ತು ಸಂಗಡಿಗರು ಎಕ್ಸ್ ಕಿರಣ ತಾಗಿದ ಅಮೈನೋ ಆಮ್ಲಗಳನ್ನು ೧೯೫೫ರಲ್ಲಿ ಪರೀಕ್ಷಿಸಿದರು. ೧೯೬೦ರಲ್ಲಿ ಮಿಯಾಗಾವಾ ಮತ್ತು ಗಾರ್ಡಿ ಅಲನೈನಿನ ಒಂಟಿ ಹರಳನ್ನೇ ವಿವರಿಸಿದರು. ಕಿರಣದ ಪೆಟ್ಟಿಗೆ ಅಣುವಿನಿಂದ ಅಮೈನೋ ಗುಂಪು ಕಳಚಿ, ಜೊತೆಗಾರನಿಲ್ಲದ ಒಂದು ಎಲೆಕ್ಟ್ರಾನು ಉಳಿಯುತ್ತದೆ. ಅದರ ಪಕ್ಕದಲ್ಲಿ ಮೂರು ಜಲಜನಕಗಳ ಮೀಥೈಲ್ ಗುಂಪು ಗಾಣದಂತೆ ಸುತ್ತುತ್ತಿರುತ್ತದೆ. ಹರಳನ್ನು ತಣಿಸಿದರೆ ಆ ಸುತ್ತು ನಿಧಾನವಾಗುತ್ತದೆ. ಅದರೊಡನೆ ವಿಶ್ರಾಂತಿ ಕಾಲವೂ ಬದಲಾಗುತ್ತದೆ. ಆದುದರಿಂದ ಈ ಕಾಲವನ್ನು ಅಳೆಯುವುದೆಂದರೆ ಅಣುವಿನ ಒಳಚಲನೆಯನ್ನೇ ಅಳೆದಂತೆ.

ಸೆಕೆಂಡಿನ ಲಕ್ಷಾಂಶಗಳ ಲೆಕ್ಕದ ಈ ಅವಧಿಗೆ ಯಾವ ಗಡಿಯಾರ ಹಿಡಿಯುವುದು? ತರಂಗದ ಬಲವನ್ನು ಏರಿಸುತ್ತ ಸಂಕೇತ ಎಲ್ಲಿ ದಣಿಯುವುದೆಂದು ನೋಡುವುದು ಒಂದು ದಾರಿ. ಗಳಿಗೆಯ ತರಂಗಮಿಡಿತಗಳನ್ನು ಕೊಟ್ಟು, ನಡುವಣ ಅಂತರವನ್ನು ಹಿಗ್ಗಿಸುತ್ತ ಪ್ರತಿಧ್ವನಿ ಆಲಿಸುವುದು ಇನ್ನೊಂದು. ಹಾನ್ ೧೯೫೦ರಲ್ಲಿ ಬೀಜಗಳಿಗೆಂದು ಕಂಡ ಈ ಉಪಾಯ ೧೯೫೮ರಲ್ಲಿ ಬ್ಲೂಮ್‌ರಿಂದ ಎಲೆಕ್ಟ್ರಾನುಗಳಿಗೂ ಒದಗಿತು.

ಇದರಿಂದ ನಮಗೇನು ಪ್ರಯೋಜನ ಎಂದು ವಾಚಕರು ಕೇಳಬಹುದು. ಅಲನೈನಿನ ಗಾಯ ವರ್ಷಗಟ್ಟಲೆ ಮಾಯುವುದಿಲ್ಲ. ಬಿದ್ದ ಕಿರಣ ಹೆಚ್ಚಿದಷ್ಟೂ ಸಂಕೇತ ಹೆಚ್ಚು. ಆದ್ದರಿಂದ ಅದರ ಪುಟ್ಟ ಬಿಲ್ಲೆ ಕಿರಣದ ಅಳತೆಗೋಲಾಗಿದೆ. ಕ್ಯಾನ್ಸರ್ ರೋಗಿಗೆ ಕೊಡುವ ಕಿರಣದ ಪ್ರಮಾಣವನ್ನು ಒರೆಹಚ್ಚಲೂ ಇದು ನೆರವಾಗುತ್ತದೆ. ವಿಶ್ರಾಂತಿ ಕಾಲವನ್ನು ಲೆಕ್ಕಿಸದೆ ತರಂಗದ ಬಲವನ್ನು ಮನಬಂದಂತೆ ಏರಿಸಿದರೆ ಸಂಕೇತ ಸುಳ್ಳು ಹೇಳುತ್ತದೆ; ಬಿದ್ದದ್ದಕ್ಕಿಂತ ಕಡಿಮೆ ಬಿದ್ದಂತೆ ತೋರುತ್ತದೆ. ಕಿರಣ ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ಆರೋಗ್ಯದ ಅಂಗವೂ ಬೇಯುತ್ತದೆ. ಕಣ್ಣಿಗೆ ಕಾಣದ ಒಂದು ಕ್ಷಣದ ತುಣುಕಿಗೆ ಇಷ್ಟು ಮರ್ಯಾದೆ ಸಲ್ಲುವುದು ಇದಕ್ಕಾಗಿಯೇ.